ಗೋಡೆಯ ತೇವಕ್ಕೆ ವಾಟ್ಸಾಪ್ ಮದ್ದು: ಬಣ್ಣ ಬಳಿಯುವ ಮುನ್ನ ನೀರು ಬಂದ ದಾರಿ ಹುಡುಕಿ

ಮಳೆಗಾಲ ಹತ್ತಿರ ಬಂತೆಂದರೆ ನಮ್ಮೆಲ್ಲರ ಮೊಬೈಲಿಗೂ ಒಂದೇ ಬಗೆಯ ಸಂದೇಶಗಳು ಬರತೊಡಗುತ್ತವೆ. ತಾರಸಿ ಸೋರುತ್ತಿದ್ದರೆ ಸಿಮೆಂಟಿಗೆ ಬೆಲ್ಲ ಕಲಸಿ ಹಚ್ಚಿ, ಇದು ಹಿರಿಯರ ಗುಟ್ಟು ಎನ್ನುತ್ತದೆ ಒಂದು. ಕೋಣೆಯ ಮೂಲೆಯಲ್ಲಿ ಒಂದು ಬಟ್ಟಲು ಕಲ್ಲುಪ್ಪು ಇಟ್ಟರೆ ಗೋಡೆಯ ತೇವವೆಲ್ಲ ಮಾಯ ಎನ್ನುತ್ತದೆ ಇನ್ನೊಂದು. ಬೂಷ್ಟು ಹಿಡಿದ ಗೋಡೆಗೆ ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಿ ಉಜ್ಜಿ ಎಂದು ಹೇಳುವ ಮೂರನೆಯದೂ ಇರುತ್ತದೆ.

ಮೊದಲನೆಯದು ನಿಮ್ಮ ದುಡ್ಡು ಹಾಳುಮಾಡುತ್ತದೆ. ಎರಡನೆಯದು ಸಮಯ ಹಾಳುಮಾಡುತ್ತದೆ. ಮೂರನೆಯದು ಜೀವಕ್ಕೇ ಕುತ್ತು ತರಬಲ್ಲದು. ಈ ಮೂರರಲ್ಲೂ ಇರುವ ತಪ್ಪು ಒಂದೇ: ಗೋಡೆಯ ಮೇಲಿನ ಕಲೆಗೆ ಮದ್ದು ಹೇಳುತ್ತವೆ, ನೀರು ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಮನೆಗಳನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ನಾವು ಕೇಳೋಣ.

ಮೊದಲು, ರಿಪೇರಿ ಯಾವಾಗ?

"ಜೂನ್ ಬರುವ ಮೊದಲು ಮನೆ ರಿಪೇರಿ ಮುಗಿಸಿ" ಎಂಬ ಸಲಹೆ ಕರಾವಳಿಗೆ, ಮಲೆನಾಡಿಗೆ ಸರಿ. ಅಲ್ಲಿ ಜೂನ್, ಜುಲೈ ತಿಂಗಳಲ್ಲೇ ಮಳೆಯ ಆರ್ಭಟ. ರಾಮನಗರ ಸೀಮೆಯ ಲೆಕ್ಕ ಬೇರೆ. ಇಲ್ಲಿ ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ ಒಂದು ಸುತ್ತು ಬರುತ್ತದೆ. ಜೂನ್, ಜುಲೈನಲ್ಲಿ ಹೆಚ್ಚಾಗಿ ಸೋನೆ, ತುಂತುರು. ವರ್ಷದ ಜೋರು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ರೈತರ ಮಾತಿನಲ್ಲಿ ಹೇಳುವುದಾದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲದಲ್ಲಿ.

ಇದರಿಂದ ಒಂದು ಮೋಸವಾಗುತ್ತದೆ. ಜುಲೈನ ತುಂತುರಿಗೆ ತಾರಸಿ ಸೋರದಿದ್ದರೆ "ಈ ವರ್ಷ ಪರವಾಗಿಲ್ಲ" ಎಂದುಕೊಂಡು ಸುಮ್ಮನಾಗುತ್ತೇವೆ. 2022ರ ಆಗಸ್ಟ್ ಕೊನೆಯಲ್ಲಿ ಸುರಿದ ಮಳೆಗೆ ರಾಮನಗರ ಪಟ್ಟಣದ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗಿದ್ದು, ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೇ ನೀರು ನಿಂತದ್ದು ಹಲವರಿಗೆ ನೆನಪಿರಬಹುದು.

ಹಾಗಾಗಿ ಇಲ್ಲಿ ಎರಡು ಸಲದ ಕೆಲಸ ಬೇಕು. ಬಿರುಕು ಮುಚ್ಚುವುದು, ವಾಟರ್‌ಪ್ರೂಫಿಂಗ್ ಬಳಿಯುವುದು ಫೆಬ್ರುವರಿ, ಮಾರ್ಚ್‌ನಲ್ಲಿ ಮುಗಿಯಲಿ. ವಾಟರ್‌ಪ್ರೂಫಿಂಗ್ ಬಹುಪಾಲು ಒಣಗಿದ ಮೇಲ್ಮೈಗೇ ಹಿಡಿಯುವುದು. ಆಗಸ್ಟ್ ಮೊದಲಲ್ಲಿ ಇನ್ನೊಮ್ಮೆ ತಾರಸಿ ಹತ್ತಿ ಕಸ ತೆಗೆದು, ಪೈಪುಗಳನ್ನು ನೋಡಿ ಬನ್ನಿ.

ನೀರು ಬರುವ ಮೂರು ದಾರಿ

ಗೋಡೆ ಒದ್ದೆಯಾಗಲು ಮುಖ್ಯವಾಗಿ ಮೂರು ದಾರಿಗಳಿವೆ: ಮೇಲಿನಿಂದ, ಕೆಳಗಿನಿಂದ, ಒಳಗಿನಿಂದ. ಕಲೆ ಎಲ್ಲಿದೆ, ಯಾವಾಗ ಹೆಚ್ಚಾಗುತ್ತದೆ ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಮಳೆ ಬಂದ ಮರುದಿನ ಸೂರಿನ ಹತ್ತಿರ ಕಲೆ ದೊಡ್ಡದಾದರೆ ನೀರು ಮೇಲಿನಿಂದ ಬರುತ್ತಿದೆ. ನೆಲದಿಂದ ಮೂರ್ನಾಲ್ಕು ಅಡಿಯವರೆಗೆ ಮಾತ್ರ ಪಟ್ಟಿಯಂತೆ ತೇವವಿದ್ದು ಬಿಳಿ ಪುಡಿ ಉದುರುತ್ತಿದ್ದರೆ ಕೆಳಗಿನಿಂದ. ಮಳೆಗೂ ಅದಕ್ಕೂ ಸಂಬಂಧವೇ ಇಲ್ಲದೆ ಬೀರು ಹಿಂದೆ, ಮೂಲೆಗಳಲ್ಲಿ ಕಪ್ಪು ಚುಕ್ಕಿ ಬಂದಿದ್ದರೆ ಒಳಗಿನಿಂದ. ಬಚ್ಚಲಿನ ಪಕ್ಕದ ಗೋಡೆ ಬೇಸಿಗೆಯಲ್ಲೂ ಒದ್ದೆಯಿದ್ದರೆ ಮೊದಲು ಪೈಪ್ ನೋಡಿಸಿ.

ಅನುಮಾನವಿದ್ದರೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ, ಅಂದರೆ ಗೋಡೆಯ ಕಡೆ ಹನಿ ಕಂಡರೆ ನೀರು ಗೋಡೆಯೊಳಗಿದೆ. ಕೋಣೆಯ ಕಡೆ ಹನಿ ಕಟ್ಟಿದರೆ ಅದು ಗಾಳಿಯಲ್ಲಿದ್ದ ತೇವ.

ಮೇಲಿನಿಂದ: ತಾರಸಿಯ ಲೆಕ್ಕ

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30x40 ಅಡಿಯ ತಾರಸಿ ಎಂದರೆ ಸುಮಾರು 111 ಚದರ ಮೀಟರ್. ಅದರ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್, ಒಂದು ಟ್ಯಾಂಕರ್ ನೀರು! ಅಷ್ಟೂ ನೀರು ಎರಡು ಮೂರು ಪೈಪುಗಳ ಬಾಯಿಂದ ಇಳಿಯಬೇಕು. ಆ ಬಾಯಿಗೆ ಬೇವಿನ ಎಲೆ, ಹಳೇ ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡರೆ ತಾರಸಿಯೇ ಕೆರೆ. ನಿಂತ ನೀರಿಗೆ ಕೂದಲೆಳೆಯಷ್ಟು ಬಿರುಕು ಸಾಕು. ಎಷ್ಟೋ ಸೋರಿಕೆ ನಿಲ್ಲಿಸಲು ಬೇಕಾದದ್ದು ವಾಟರ್‌ಪ್ರೂಫಿಂಗ್ ಡಬ್ಬವಲ್ಲ, ಒಂದು ಪೊರಕೆ.

ಕಾಂಕ್ರೀಟಿಗೆ ನೀರು ಇಳಿದರೆ ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟ್ ಒಡೆದು ಸೂರಿನಿಂದ ಚೂರು ಉದುರುತ್ತದೆ. ಕಂಬಿ ಕಾಣುತ್ತಿದ್ದರೆ ಅದರ ಮೇಲೆ ಗಾರೆ ಮೆತ್ತಿ ಬಣ್ಣ ಬಳಿಸಬೇಡಿ, ತುಕ್ಕು ಒಳಗೇ ಬೆಳೆಯುತ್ತದೆ. ತಿಳಿದ ಎಂಜಿನಿಯರ್ ನೋಡಲೇಬೇಕಾದ ಸಂಗತಿ ಅದು.

ಹೆಂಚಿನ ಮನೆಯಾದರೆ ಒಡೆದ, ಸರಿದ ಹೆಂಚು ನೋಡಿ. ಬೆಟ್ಟಗಳ ಅಂಚಿನ ಊರುಗಳಲ್ಲಿ ಕೋತಿಗಳು ಓಡಾಡಿಯೇ ಎಷ್ಟೋ ಹೆಂಚು ಸರಿದಿರುತ್ತವೆ.

ಇನ್ನು ಬೆಲ್ಲದ ಮಾತು. ಹಿರಿಯರು ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕುತ್ತಿದ್ದದ್ದು ನಿಜ. ಆದರೆ ಅದು ಸುಣ್ಣದ ಗಾರೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಕಲ್ಲಾಗುತ್ತದೆ. ಸಿಮೆಂಟ್ ಗಟ್ಟಿಯಾಗುವುದು ನೀರಿನ ಜೊತೆಗಿನ ರಾಸಾಯನಿಕ ಕ್ರಿಯೆಯಿಂದ, ಸಕ್ಕರೆ ಆ ಕ್ರಿಯೆಯನ್ನೇ ತಡೆಯುತ್ತದೆ. 50 ಕೆಜಿ ಸಿಮೆಂಟ್ ಮೂಟೆಗೆ 50 ಗ್ರಾಂ ಸಕ್ಕರೆ ಸೇರಿದರೂ ಗಟ್ಟಿಯಾಗುವುದು ತಡವಾಗುತ್ತದೆ. ಇನ್ನೂ ಹೆಚ್ಚು ಸೇರಿದರೆ ಗಟ್ಟಿಯಾಗದೇ ಪುಡಿಪುಡಿಯಾಗಬಹುದು. ಹಿರಿಯರ ಗುಟ್ಟು ಸುಳ್ಳಲ್ಲ, ಅದನ್ನು ಬೇರೆ ವಸ್ತುವಿಗೆ ಅಂಟಿಸಿದ್ದು ತಪ್ಪು.

ಕೆಳಗಿನಿಂದ: ದೀಪದ ಬತ್ತಿಯಂತೆ

ದೀಪದ ಬತ್ತಿ ಎಣ್ಣೆ ಹೀರುವಂತೆ ಇಟ್ಟಿಗೆ, ಗಾರೆ, ಮಣ್ಣಿನ ಸಣ್ಣ ರಂಧ್ರಗಳು ನೆಲದ ನೀರನ್ನು ಮೇಲೆ ಎಳೆಯುತ್ತವೆ. ಈ ಸೀಮೆಯಲ್ಲಿ ಪಾಯಕ್ಕೆ ಸೈಜುಗಲ್ಲು ಹಾಕುವುದು ರೂಢಿ. ನಮ್ಮ ಬೆಟ್ಟಗಳ ಗ್ರಾನೈಟ್ ಕಲ್ಲು ನೀರು ಹೀರುವುದು ತೀರಾ ಕಡಿಮೆ. "ಕಲ್ಲಿನ ಪಾಯ, ನಮಗೆ ತೇವ ಹೇಗೆ ಬರುತ್ತದೆ?" ಎಂದು ಕೇಳುವವರಿದ್ದಾರೆ. ನೀರು ಏರುವುದು ಕಲ್ಲಿನ ಮೂಲಕವಲ್ಲ, ಕಲ್ಲುಗಳ ನಡುವಿನ ಗಾರೆಯ ಮೂಲಕ.

ನೀರು ಏರುವಾಗ ಮಣ್ಣಿನ ಲವಣಗಳನ್ನೂ ತರುತ್ತದೆ. ನೀರು ಆವಿಯಾಗಿ ಹೋದ ಮೇಲೆ ಉಳಿಯುವ ಲವಣವೇ ಆ ಬಿಳಿ ಪುಡಿ. ಒಳಗಿನಿಂದ "ಡ್ಯಾಂಪ್‌ಪ್ರೂಫ್" ಬಣ್ಣ ಬಳಿದರೆ ಏನಾಗುತ್ತದೆ? ನೀರು ಬರುವುದು ನಿಲ್ಲುವುದಿಲ್ಲ, ಆವಿಯಾಗುವ ಜಾಗ ಮಾತ್ರ ಮುಚ್ಚುತ್ತದೆ. ಆಗ ತೇವ ಇನ್ನೂ ಮೇಲಕ್ಕೆ ಏರುತ್ತದೆ, ಇಲ್ಲವೇ ಬಣ್ಣ ಗುಳ್ಳೆ ಎದ್ದು ಪದರ ಪದರವಾಗಿ ಬೀಳುತ್ತದೆ.

ಪರಿಹಾರ ಹೊರಗಿದೆ. ಮನೆ ಸುತ್ತ ಮಣ್ಣು ಗೋಡೆಯಿಂದ ಆಚೆಗೆ ಇಳಿಜಾರಾಗಿರಲಿ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಿರಲಿ. ಗೋಡೆಗೆ ಒರಗಿಸಿ ಮಣ್ಣು, ಮರಳು ರಾಶಿ ಹಾಕಬೇಡಿ, ಗಿಡದ ಪಾತಿ ಮಾಡಬೇಡಿ. ರಸ್ತೆಗೆ ಪದರದ ಮೇಲೆ ಪದರ ಡಾಂಬರು ಬಿದ್ದು ಮನೆ ಮಟ್ಟಕ್ಕಿಂತ ರಸ್ತೆ ಎತ್ತರವಾಗಿದ್ದರೆ ಚರಂಡಿಯ ದಾರಿ ಮೊದಲು ಸರಿಯಾಗಬೇಕು, ಬಣ್ಣದ ಮಾತು ಆಮೇಲೆ.

ಒಳಗಿನಿಂದ: ನಮ್ಮದೇ ಉಸಿರು, ನಮ್ಮದೇ ಬಟ್ಟೆ

ನಾಲ್ಕು ಜನರ ಸಂಸಾರದಲ್ಲಿ ಉಸಿರು, ಅಡುಗೆ, ಸ್ನಾನ, ಒಣಹಾಕಿದ ಬಟ್ಟೆ ಎಲ್ಲ ಸೇರಿ ದಿನಕ್ಕೆ ಹಲವು ಲೀಟರ್ ನೀರು ಮನೆಯ ಗಾಳಿಗೆ ಸೇರುತ್ತದೆ. ಕಿಟಕಿ ಮುಚ್ಚಿದ್ದರೆ ಅದು ತಣ್ಣನೆಯ ಗೋಡೆಯ ಮೇಲೆ ಕೂರುತ್ತದೆ, ಬೂಷ್ಟು ಬೆಳೆಯುತ್ತದೆ. ಆಸ್ತಮಾ, ಅಲರ್ಜಿ ಇರುವವರಿಗೆ ಈ ಬೂಷ್ಟಿನ ಗಾಳಿ ತೊಂದರೆ ಹೆಚ್ಚಿಸುತ್ತದೆ.

ಉಪ್ಪಿನ ಬಟ್ಟಲು ಇಲ್ಲಿ ಕೆಲಸಕ್ಕೆ ಬರುತ್ತದೆಯೇ? ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದಾಗ ಮಾತ್ರ ಉಪ್ಪು ನೀರಾಗುತ್ತದೆ, ಗಾಳಿ ಒಣಗಿದಾಗ ಹೀರಿದ್ದನ್ನು ವಾಪಸ್ಸು ಕೊಡುತ್ತದೆ. ಬಟ್ಟಲಿನಲ್ಲಿ ನೀರು ಕಂಡು "ಕೆಲಸ ಮಾಡಿತು" ಎಂದು ನಂಬುತ್ತೇವೆ. ಆದರೆ ಲೀಟರುಗಟ್ಟಲೆ ನೀರಿನ ಮುಂದೆ ಅದು ಲೆಕ್ಕಕ್ಕಿಲ್ಲ. ಬಿಸಿಲಿರುವಾಗ ಎದುರುಬದುರು ಕಿಟಕಿ ತೆರೆಯಿರಿ, ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಇದು ಪುಕ್ಕಟೆ, ಪರಿಣಾಮವೂ ಹೆಚ್ಚು.

ಗಾಳಿಯ ಇದೇ ತೇವವನ್ನು ಹೀರಿ ಬಾಗಿಲುಗಳೂ ಉಬ್ಬುತ್ತವೆ. ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಗಳಿಗೆ ಇದು ಚೆನ್ನಾಗಿ ಗೊತ್ತು. ಆಲೆ ಮರವನ್ನು ಚೆನ್ನಾಗಿ ಒಣಗಿಸದೆ ಅವರು ಕಡೆಯುವುದಿಲ್ಲ, ಹಸಿ ಮರದ ಬೊಂಬೆ ಒಣಗುತ್ತಾ ಸೀಳುತ್ತದೆ. ಅಕ್ಟೋಬರ್‌ನಲ್ಲಿ ಬಾಗಿಲು ಬಿಗಿಯಾಯಿತೆಂದು ತಕ್ಷಣ ಕೀಸಿಸಬೇಡಿ. ಫೆಬ್ರುವರಿಗೆ ಮರ ಕುಗ್ಗಿ ಸಂದು ಬಿಡುತ್ತದೆ. ಬಾಗಿಲಿನ ಮೇಲಿನ, ಕೆಳಗಿನ ಅಂಚಿಗೆ ಬಣ್ಣ ಬಿದ್ದಿದೆಯೇ ನೋಡಿ. ಸಾಮಾನ್ಯವಾಗಿ ಬಿಟ್ಟುಹೋಗುವುದು ಅಲ್ಲೇ, ನೀರು ನುಗ್ಗುವುದೂ ಅಲ್ಲೇ.

ಬ್ಲೀಚಿಂಗ್ ಜೊತೆ ಆಸಿಡ್: ಖಂಡಿತ ಬೇಡ

ರಾಮನಗರದ ರೇಷ್ಮೆ ಬೆಳೆಗಾರರಿಗೆ ಬ್ಲೀಚಿಂಗ್ ಪೌಡರ್ ಹೊಸದಲ್ಲ. ಹುಳು ಸಾಕುವ ಮನೆಯನ್ನು ಅವರು ಬ್ಲೀಚಿಂಗ್ ಮತ್ತು ಸುಣ್ಣದ ದ್ರಾವಣದಿಂದ ಶುಚಿಗೊಳಿಸುತ್ತಾರೆ. ಹುಳು ಜ್ವರಕ್ಕೆ ಕೂತಾಗ ತಟ್ಟೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ಸುಣ್ಣ ಕ್ಷಾರ, ಅದರ ಜೊತೆ ಬ್ಲೀಚಿಂಗ್ ತಕರಾರು ಮಾಡುವುದಿಲ್ಲ. ಆದರೆ ಅದಕ್ಕೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಟಾಯ್ಲೆಟ್ ಕ್ಲೀನರ್, ವಿನೆಗರ್, ನಿಂಬೆರಸ ಯಾವುದಾದರೂ ಅಷ್ಟೇ. ಮುಚ್ಚಿದ ಬಚ್ಚಲಿನಲ್ಲಿ ಆ ಗಾಳಿ ಶ್ವಾಸಕೋಶವನ್ನು ಸುಡುತ್ತದೆ. ಅಪ್ಪಿತಪ್ಪಿ ಹಾಗಾದರೆ ತಕ್ಷಣ ಹೊರಗೆ ಬನ್ನಿ, ಕೆಮ್ಮು, ಉಬ್ಬಸ ಇದ್ದರೆ ಆಸ್ಪತ್ರೆಗೆ ಹೋಗಿ.

ಸಣ್ಣ ಬೂಷ್ಟಿಗೆ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು. ಗೋಡೆ ಒಣಗಿದ ಮೇಲೆ ಸುಣ್ಣ ಬಳಿಯುವ ಹಳೇ ಪದ್ಧತಿಗೆ ಅರ್ಥವಿದೆ. ಹಸಿ ಸುಣ್ಣದ ತೀವ್ರ ಕ್ಷಾರದಲ್ಲಿ ಬೂಷ್ಟು ಬದುಕುವುದು ಕಷ್ಟ, ಸುಣ್ಣ ಬಳಿದ ಗೋಡೆ ಉಸಿರಾಡುತ್ತದೆ ಕೂಡ. ಆದರೆ ಸೋರಿಕೆ ಹಾಗೇ ಇದ್ದರೆ ಸುಣ್ಣವೂ ಉದುರುತ್ತದೆ.

ತಡಮಾಡಬಾರದ ಸೂಚನೆಗಳು

ಒದ್ದೆ ಗೋಡೆಯಲ್ಲಿರುವ ಸ್ವಿಚ್‌ಬೋರ್ಡ್ ಮುಟ್ಟಿದಾಗ ಜುಮ್ಮೆಂದರೆ ಮತ್ತೆ ಮುಟ್ಟಬೇಡಿ. ಮೇನ್ ಸ್ವಿಚ್ ಒಣಗಿದ ಜಾಗದಲ್ಲಿದ್ದರೆ ಮಾತ್ರ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಯಿರಿ. ಕಂಬ, ತಂತಿಯ ತೊಂದರೆಯಾದರೆ ಬೆಸ್ಕಾಂ ಸಹಾಯವಾಣಿ 1912. ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲ ಎಂಬುದು ತಪ್ಪು ನಂಬಿಕೆ. ಅದು ವೈರನ್ನು ಕಾಯುತ್ತದೆ. ಮನುಷ್ಯರನ್ನು ಕಾಯಲು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕು, ಸರಿಯಾದ ಅರ್ಥಿಂಗ್ ಬೇಕು.

ಹಳ್ಳಿಗಳ ಮಣ್ಣಿನ ಗೋಡೆ ನೀರು ಕುಡಿದಷ್ಟೂ ಬಲ ಕಳೆದುಕೊಳ್ಳುತ್ತದೆ. ಮಳೆ ನಿಂತ ಮೇಲೂ ಅದು ಕುಸಿಯಬಹುದು. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಹೊಸ ಬಿರುಕು ದಿನೇ ದಿನೇ ಅಗಲವಾಗುತ್ತಿದ್ದರೆ, ಬುಡದ ಮಣ್ಣು ಕರಗಿದ್ದರೆ ಆ ಗೋಡೆಯ ಪಕ್ಕ ಯಾರೂ ಮಲಗಬಾರದು. ಮಕ್ಕಳ, ವಯಸ್ಸಾದವರ ಹಾಸಿಗೆಯನ್ನು ಆ ರಾತ್ರಿಯೇ ಬೇರೆ ಕಡೆ ಹಾಕಿ.

ಮನೆ ರಿಪೇರಿಯ ಸಂದೇಶ ಬಂದಾಗ ಮುಂದೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ನೀರಿನ ದಾರಿ ಮುಚ್ಚುತ್ತದೆಯೋ, ಕಲೆಯನ್ನು ಮಾತ್ರ ಮುಚ್ಚುತ್ತದೆಯೋ? ಕಲೆ ಮುಚ್ಚುವ ಸಂದೇಶವನ್ನು ಅಲ್ಲಿಗೇ ಬಿಡಿ. ಮನೆಯ ಗ್ರೂಪಿಗೆ ಏನಾದರೂ ಕಳಿಸಲೇಬೇಕೆಂದರೆ, ನಿಮ್ಮದೇ ತಾರಸಿಯ ಪೈಪಿನ ಬಾಯಿ ಶುಚಿ ಮಾಡಿ ಒಂದು ಫೋಟೊ ಕಳಿಸಿ.