ಕುಯ್ಲಿನ ಹೊತ್ತಿಗೆ ತೆರೆಯಲಿ ಕೂಸಿನ ಮನೆ

ಹಾಸನ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರಿಗೆ,

ಆಲೂರು ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಡಿಸೆಂಬರ್ ಬಂತೆಂದರೆ ಹಾಜರಿ ಪುಸ್ತಕದಲ್ಲಿ ಕೆಲವು ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರು ಸಾಲುಗಟ್ಟುತ್ತಿತ್ತು. ಒಮ್ಮೆ ಹುಡುಕಿಕೊಂಡು ಹೋದೆ. ನಾಲ್ಕನೇ ತರಗತಿಯ ಹುಡುಗಿ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಗಂಜಿ ಆರಿಸುತ್ತಿದ್ದಳು. ‘ಅವ್ವ ಹಣ್ಣು ಕುಯ್ಯಕೆ ಹೋಗವ್ಳೆ ಮಿಸ್’ ಎಂದಳು.

ಆ ತಾಯಿಯನ್ನು ನಾನು ದೂರಲಾರೆ. ನವೆಂಬರ್‌ನಲ್ಲಿ ಅರೇಬಿಕಾ ಕಾಫಿಯ ಕುಯ್ಲು ಶುರುವಾಗಿ, ಮಾರ್ಚ್ ಹೊತ್ತಿಗೆ ರೋಬಸ್ಟಾ ಮುಗಿಯುವವರೆಗೆ ಅವಳ ಕೈಗೆ ನಾಲ್ಕು ಕಾಸು. ಕೂಲಿ ಕುಯ್ದ ಕೆ.ಜಿ. ಲೆಕ್ಕದಲ್ಲಿ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡರೆ ಕೈ ಓಡುವುದಿಲ್ಲ. ಗಿಡದ ಬುಡದಲ್ಲಿ ಮಲಗಿಸೋಣವೆಂದರೆ ಇರುವೆ, ಹಾವು, ಈಗೀಗ ಆನೆ. ಮನೆಯಲ್ಲಿ ಅಜ್ಜಿಯಿಲ್ಲದಿದ್ದರೆ ತಾಯಿಯ ಕೂಲಿ ಹೋಗಬೇಕು, ಇಲ್ಲವೇ ಅಕ್ಕನ ಶಾಲೆ.

50 ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದರೆ ನಮ್ಮಲ್ಲಿ ಬಹುಪಾಲು ಸಣ್ಣ ಹಿಡುವಳಿಗಳು; ಇವತ್ತು ಒಬ್ಬರ ತೋಟ, ನಾಳೆ ಇನ್ನೊಬ್ಬರದು. ಹತ್ತು ಆಳಿನ ಬೆಳೆಗಾರನ ಮೇಲೆ ಈ ಹೊರೆ ಹೊರಿಸಿ ಎನ್ನಲಾರೆ. ಇದು ಪಂಚಾಯಿತಿಯೇ ಮಾಡಬೇಕಾದ ಕೆಲಸ. ಅದಕ್ಕೇ, 2023ರಲ್ಲಿ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ತೆರೆಯುತ್ತೇವೆಂದಾಗ ನನಗೆ ಹಿಗ್ಗಾಗಿತ್ತು.

ಆದರೆ ಕೂಸಿನ ಮನೆಗೆ ಕಚೇರಿಯ ಗಡಿಯಾರ ಒಗ್ಗದು. ಆಳು ಹತ್ತಿಸಿಕೊಳ್ಳುವ ಪಿಕಪ್ ಏಳೂವರೆಗೆಲ್ಲ ಊರ ಸರ್ಕಲ್ಲಿಗೆ ಬಂದಿರುತ್ತದೆ. ಅಂಗನವಾಡಿಯ ಬಾಗಿಲು ತೆರೆಯುವಷ್ಟರಲ್ಲಿ ಹೆಂಗಸರು ಅರ್ಧ ಚೀಲ ಹಣ್ಣು ಕುಯ್ದಿರುತ್ತಾರೆ. ಕುಯ್ಲಿನ ಐದು ತಿಂಗಳಾದರೂ ಕೂಸಿನ ಮನೆಯನ್ನು ಬೆಳಿಗ್ಗೆ ಏಳಕ್ಕೆ ತೆರೆಸಿ, ಪಿಕಪ್ ವಾಪಸಾಗುವವರೆಗೆ ನಡೆಸಿ. ಉದ್ಯೋಗ ಖಾತ್ರಿ ಯೋಜನೆಯ ಉದ್ಯೋಗ ಚೀಟಿ ಇಲ್ಲವೆಂದು ಯಾವ ಕೂಸನ್ನೂ ವಾಪಸು ಕಳಿಸಬೇಡಿ; ತೋಟದ ಲೈನ್ ಮನೆಗಳಲ್ಲಿರುವ ಅಸ್ಸಾಮಿನ ಕುಟುಂಬಗಳ ಮಕ್ಕಳಿಗೂ ಅಲ್ಲಿ ಜಾಗವಿರಲಿ. ನೋಡಿಕೊಳ್ಳುವವರನ್ನು ಪದೇ ಪದೇ ಬದಲಿಸಬೇಡಿ, ಕೂಸಿಗೆ ಗುರುತಿನ ಮುಖ ಬೇಕು. ಅವರ ಸಂಬಳ ಕುಯ್ಲಿನ ಕೂಲಿಗಿಂತ ಕಡಿಮೆಯಾದರೆ ಅವರೂ ಪಿಕಪ್ ಹತ್ತುತ್ತಾರೆ, ಆಮೇಲೆ ಉಳಿಯುವುದು ಬೀಗ ಹಾಕಿದ ಕಟ್ಟಡ.

ಈ ನವೆಂಬರ್‌ಗೆ ಮುಂಚೆ ಆದೇಶ ಹೊರಡಲಿ ಎಂದು ಕೈಮುಗಿದು ಕೇಳುತ್ತೇನೆ. ಅಂದು ತಮ್ಮನನ್ನು ಎತ್ತಿಕೊಂಡಿದ್ದ ಹುಡುಗಿ ಏಳನೇ ತರಗತಿ ದಾಟಲಿಲ್ಲ. ಈಗ ಅವಳ ಮಡಿಲಲ್ಲಿ ಎಂಟು ತಿಂಗಳ ಕೂಸಿದೆ, ದೊಡ್ಡ ಮಗಳು ಮೂರನೇ ತರಗತಿಯಲ್ಲಿದ್ದಾಳೆ.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ, ಆಲೂರು