ಕೊನೆಯ ಎರಡು ಸಾಲು ಖಾಲಿ

ನಮ್ಮ ಹನಿಮೂನಿಗೂ ನಾನೊಂದು ಎಕ್ಸೆಲ್ ಶೀಟ್ ಮಾಡಿದ್ದೆ. ನಗಬೇಡಿ, ನಿಮ್ಮಲ್ಲಿ ಅರ್ಧ ಜನ ಮಾಡಿರ್ತೀರಿ. ದಿನ, ಜಾಗ, ಕಿಲೋಮೀಟರ್, ಹೊರಡೋ ಟೈಮು, ಖರ್ಚು. ಒಟ್ಟು 5 ರಾತ್ರಿ. ಸೋಮವಾರದಿಂದ ಬುಧವಾರದವರೆಗಿನ ಸಾಲುಗಳು ತುಂಬಿ ತುಳುಕುತ್ತಿದ್ದವು. ಗುರುವಾರ, ಶುಕ್ರವಾರದ ಎದುರು ಮಾತ್ರ ಒಂದೇ ಪದ: ರೆಸ್ಟ್. ಅಲ್ಲಿ ಬರೆಯೋಕೆ ಬೇರೇನೂ ಹೊಳೆದಿರಲಿಲ್ಲ, ಅಷ್ಟೇ.

ಈ ಸಲದ ಕಥೆ ಆ ಎರಡು ಸಾಲಿನದ್ದು.

ಆಫೀಸಲ್ಲಿ ಎಲ್ಲರೂ ಮಾಲ್ಡೀವ್ಸ್ ಅಂದರು, ಬಾಲಿ ಅಂದರು, ಕೊನೇಪಕ್ಷ ಅಂಡಮಾನ್ ಅಂದರು. ನನ್ನ ರಜೆ ಮದುವೆ ಓಡಾಟದಲ್ಲೇ ಅರ್ಧ ಕರಗಿತ್ತು. ಅಪ್ಪನಂತೂ, "ಸಮುದ್ರ ಘಟ್ಟ ಇಳಿದ್ರೆ ಸಿಗುತ್ತೆ, ಅದಕ್ಕೆ ವಿಮಾನ ಯಾಕೆ ಮಾರಾಯ" ಅಂದುಬಿಟ್ಟರು. ನಮ್ಮೂರು ಆಲ್ದೂರು. ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ, ಕಾರ್ಕಳ, ಉಡುಪಿ, ಕುಂದಾಪುರ, ಆಮೇಲೆ ಮರವಂತೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋಕೆ ನಿಲ್ಲಿಸಿದ್ದನ್ನೂ ಸೇರಿಸಿ ಸಂಜೆಯೊಳಗೆ ತಲುಪಿದೆವು.

ಮರವಂತೆ ನೋಡದವರಿಗೆ ಒಂದು ಮಾತು. ಅಲ್ಲಿ ಹೈವೇ 66ರ ಒಂದು ಪಕ್ಕ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಮಧ್ಯೆ ಬರೀ ರಸ್ತೆ. ನನ್ನ ಹೆಂಡತಿ ದಾವಣಗೆರೆಯವಳು, ಕಡಲು ನೋಡಿದ್ದು ಕಾಲೇಜ್ ಟ್ರಿಪ್ಪಿನಲ್ಲಿ ಒಂದೇ ಸಲ. ಕಾರಿನ ಎರಡೂ ಕಿಟಕಿಯಲ್ಲಿ ನೀರು ಕಂಡು, "ಯಾವ ಕಡೆ ನೋಡ್ಲೋ?" ಅಂತ ಕಿರುಚಿದಳು. ಮನೆಯಲ್ಲಿ ಎಲ್ಲರ ಎದುರಿಗೆ ನಾನು "ರೀ". ಘಟ್ಟ ಇಳಿದ ಮೇಲೆ "ಏನೋ".

ಮೊದಲ ದಿನಗಳು ಪ್ಲಾನ್ ಪ್ರಕಾರ ನಡೆದವು. ಮಂಗಳವಾರ ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರಿಸ್ ದ್ವೀಪ. ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತ ಕಲ್ಲುಗಳು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು ಅಂತ ನಾನು ಗೈಡ್ ಥರ ವಿವರಿಸಿ, ಆಮೇಲೆ ವಾಚ್ ನೋಡಿದೆ. "ಎಂಟು ಕೋಟಿ ವರ್ಷದ ಕಲ್ಲಿಗೆ ನೀನು 40 ನಿಮಿಷ ಕೊಟ್ಟಿದ್ದೀಯ" ಅಂದಳು. ಬುಧವಾರ ಮುರುಡೇಶ್ವರ, ವಾಪಸ್ ಬರುವಾಗ ಕೊಲ್ಲೂರು. ರಾತ್ರಿ ರೂಮಿಗೆ ಬಂದಾಗ ಇಬ್ಬರಿಗೂ ಮಾತಾಡೋಕೂ ಶಕ್ತಿ ಇರಲಿಲ್ಲ. ಶೀಟಿನಲ್ಲಿ ಎಲ್ಲ ಸಾಲೂ ಹಸಿರು.

ಗುರುವಾರ ಬಂತು. ರೆಸ್ಟ್.

ತೋಟದ ಮನೆಯಲ್ಲಿ ಬೆಳೆದವರಿಗೆ ರೆಸ್ಟ್ ಅನ್ನೋದು ಜ್ವರ ಬಂದಾಗ ಮಾತ್ರ ಸಿಗುವ ವಸ್ತು. ಬೆಳಿಗ್ಗೆ ಆರಕ್ಕೆ ಎಚ್ಚರ. ರೆಸಾರ್ಟಿನವರು ಕೊಟ್ಟ ಇನ್‌ಸ್ಟಂಟ್ ಕಾಫಿ ಕುಡಿದು ಆಲ್ದೂರಿನ ಮಾನ ಹೋದ ಹಾಗೆ ಮುಖ ಮಾಡಿದೆ. ತೆಂಗಿನ ಮರದ ನಡುವೆ ಕಟ್ಟಿದ್ದ ಬಲೆ ಉಯ್ಯಾಲೆಯಲ್ಲಿ ಮಲಗಿದೆ. ಹತ್ತು ನಿಮಿಷಕ್ಕೆ ಎದ್ದೆ. ಮರಳಿನಲ್ಲಿ ಸಣ್ಣ ಏಡಿಗಳು ತೂತಿನಿಂದ ಬಂದು, ನನ್ನ ನೆರಳು ಕಂಡ ಕೂಡಲೇ ಮತ್ತೆ ಒಳಗೆ ಓಡುತ್ತಿದ್ದವು. ಅವನ್ನು ಎಣಿಸಿದೆ. ಆಫೀಸ್ ಮೇಲ್ ತೆಗೆದೆ. ಅವಳು ನೋಡಿದಳು, ಮುಚ್ಚಿದೆ.

ಏಳು ಗಂಟೆಗೆ ಅಪ್ಪನ ಫೋನು. ಕೈಯಲ್ಲಿ ಪುನರ್ಪುಳಿ ಜ್ಯೂಸ್ ಇತ್ತು ಅಂತ ಸ್ಪೀಕರ್‌ಗೆ ಹಾಕಿದೆ.

"ನಿನ್ನೆ ರಾತ್ರಿ ಮೋಟಾರ್ ಶುರು ಮಾಡ್ದೆ. ಕೆಳಗಿನ ತೋಟ ಮುಗಿತು. ಕರೆಂಟು ಒಂದು ಗಂಟೆಗೆ ಬಂತು."

ಕಾಫಿ ಗೊತ್ತಿಲ್ಲದವರಿಗೆ: ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಗಿಡಕ್ಕೆ ಒಂದು ಹದ ಮಳೆ ಬೇಕು. ನಾವದನ್ನು ಹೂಮಳೆ ಅಂತೀವಿ. ಒಣಗಿ ನಿಂತ ಮೊಗ್ಗು ಆ ನೀರಿಗೆ ಎಚ್ಚೆತ್ತು, ಒಂದು ವಾರ ಹತ್ತು ದಿನದಲ್ಲಿ ಹೂವಾಗುತ್ತೆ. ಮಳೆ ಬರದಿದ್ದರೆ ಕೆರೆಯಿಂದ ಸ್ಪ್ರಿಂಕ್ಲರ್ ಹಾಕಬೇಕು. ಮುಂದಿನ ವರ್ಷದ ಫಸಲು ನಿಂತಿರೋದೇ ಈ ಕೆಲವು ದಿನಗಳ ನೀರಿನ ಮೇಲೆ. ಕರೆಂಟು ಯಾವಾಗ ಬರುತ್ತೋ ಆಗ ಎದ್ದು ಹೋಗಿ ಸ್ವಿಚ್ ಹಾಕಬೇಕು.

ಒಂದು ಗಂಟೆ ರಾತ್ರಿ ಅಂದಾಗ ನನ್ನ ಹೊಟ್ಟೆ ತಣ್ಣಗಾಯಿತು. ನಮ್ಮ ಆಲ್ದೂರು ಭಾಗದಲ್ಲಿ ಕೆಲವು ವರ್ಷದಿಂದ ಕಾಡಾನೆಗಳು ತೋಟದೊಳಗೇ ಓಡಾಡುತ್ತಿವೆ. ಕೆಲಸಕ್ಕೆ ಹೋದವರು ಆನೆಗೆ ಸಿಕ್ಕಿ ಸತ್ತಿದ್ದಾರೆ. ಅಪ್ಪನಿಗೆ 62 ವರ್ಷ. ಕೈಯಲ್ಲಿ ಒಂದು ಟಾರ್ಚು, ಜೊತೆಗೆ ನಾಯಿ. ನಾನಿಲ್ಲಿ ಉಯ್ಯಾಲೆಯಲ್ಲಿ.

"ಒಬ್ಬರೇ ಹೋಗಿದ್ರಾ?" ಅಂದೆ.

"ಮತ್ತೆ ಯಾರನ್ನ ಕರೀಲಿ? ನೀನು ಆರಾಮಾಗಿರು. ಇನ್ನೆರಡು ವರ್ಷ ಹೆಂಗೋ ಮಾಡ್ತೀನಿ, ಆಮೇಲೆ ನೀನು ಬಂದು ನೋಡ್ಕೊಳ್ಳೋದು ಇದ್ದೇ ಇದೆಯಲ್ಲ."

ಫೋನ್ ಕಟ್ ಆಯಿತು. ಅವಳು ನನ್ನನ್ನೇ ನೋಡುತ್ತಿದ್ದಳು.

"ಎರಡು ವರ್ಷ ಅಂದ್ರೆ?"

ಹೇಳಿಬಿಡ್ತೀನಿ. ಮದುವೆಗೆ ಮುಂಚೆ, ಅಪ್ಪ ಜಗಲಿಯಲ್ಲಿ ಕೂತು "ತೋಟ ಮಾರಿಬಿಡ್ಲಾ?" ಅಂತ ಕೇಳಿದ್ದರು. ಎಂಟು ಎಕರೆ. ಅಜ್ಜ ಮಾಡಿದ್ದು. "ಬೇಡ, ಎರಡು ವರ್ಷದಲ್ಲಿ ನಾನು ಬರ್ತೀನಿ" ಅಂದಿದ್ದೆ. ಆ ಕ್ಷಣಕ್ಕೆ ಅವರ ಮುಖ ನೋಡೋಕಾಗದೆ ಹೇಳಿದ ಮಾತು. ಅವಳಿಗೆ ಹೇಳಿರಲಿಲ್ಲ. ಮೊದಲು ಸಂದರ್ಭ ಬರಲಿಲ್ಲ. ಆಮೇಲೆ ಮದುವೆ ಗಲಾಟೆ. ಆಮೇಲೆ ಎಕ್ಸೆಲ್ ಶೀಟು.

"ನಾನು ಕೇಳ್ತಿರೋದು ಆಲ್ದೂರಿಗೆ ಹೋಗೋದಾ ಬೇಡವಾ ಅಂತಲ್ಲ" ಅಂದಳು. "ನನ್ನ ಜೀವನದ ಡೇಟು ನಿಮ್ಮಪ್ಪನಿಗೆ ಗೊತ್ತು, ನನಗೆ ಸ್ಪೀಕರ್ ಫೋನಲ್ಲಿ ಗೊತ್ತಾಗ್ಬೇಕಿತ್ತಾ?"

ಉತ್ತರ ಇರಲಿಲ್ಲ. ಬೋಟು, ದೇವಸ್ಥಾನ, ಕೋಟೆ, ಏನಾದರೂ ಒಂದು ಇದ್ದಿದ್ದರೆ "ಟೈಮಾಯ್ತು, ಹೊರಡೋಣ" ಅಂತ ತಪ್ಪಿಸಿಕೊಳ್ಳುತ್ತಿದ್ದೆ. ಅವತ್ತು ಎಲ್ಲಿಗೂ ಹೊರಡೋದಿರಲಿಲ್ಲ. ಮಧ್ಯಾಹ್ನದ ಊಟ ಮಾತಿಲ್ಲದೆ ಆಯಿತು. ಬಡಿಸಲು ಬಂದ ಹುಡುಗ, "ಊಟ ಸರಿ ಇಲ್ವಾ ಸರ್?" ಅಂತ ಕೇಳಿದ. "ಊಟ ಚೆನ್ನಾಗಿದೆ" ಅಂದೆ. ಅವನಿಗೆ ಅರ್ಥವಾಗಿರಬೇಕು, ಮತ್ತೆ ಬರಲಿಲ್ಲ.

ಸಂಜೆ ಅವಳೇ ಎದ್ದು, "ನಡಿ, ನೀರಿನ ಹತ್ತಿರ ಹೋಗೋಣ" ಅಂದಳು. ಅಲ್ಲಿನ ಅಲೆಗಳಿಗೆ ಸೆಳೆತ ಜಾಸ್ತಿ, ಮೊಣಕಾಲು ದಾಟಬೇಡಿ ಅಂತ ರೆಸಾರ್ಟಿನವರು ಮೊದಲೇ ಹೇಳಿದ್ದರು. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತೆವು. ಹಿಂದೆ ಹೈವೇಯಲ್ಲಿ ಲಾರಿಗಳ ಸದ್ದು. ಆಗ ಅವಳು ಹೇಳಿದಳು: ಅವಳ ತಂದೆ ಹೋದ ಮೇಲೆ ಮನೆ ಸಾಲದ ಕಂತು ಇವಳ ಸಂಬಳದಿಂದಲೇ ಹೋಗುತ್ತಿದೆ ಅನ್ನೋದು ನನಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಬೇರೆ. ತಮ್ಮನ ಇಂಜಿನಿಯರಿಂಗ್ ಮುಗಿದು ಕೆಲಸ ಸಿಗುವವರೆಗೆ, ಅಂದರೆ ಇನ್ನು ಮೂರು ವರ್ಷ, ಕೆಲಸ ಬಿಡಲ್ಲ, ಬೆಂಗಳೂರು ಬಿಡಲ್ಲ ಅಂತ ಅವಳ ಅಮ್ಮನಿಗೆ ಮಾತು ಕೊಟ್ಟಿದ್ದಳು.

"ನೀನೂ ಹೇಳಿಲ್ಲ" ಅಂದೆ.

"ಹೇಳಿಲ್ಲ" ಅಂದಳು. ಇಬ್ಬರಿಗೂ ನಗು ಬಂತು. ಸಂತೋಷದ ನಗುವಲ್ಲ. ಅವನು ಎರಡು ವರ್ಷ ಅಂತ ಒಂದು ಕಡೆ, ಇವಳು ಮೂರು ವರ್ಷ ಅಂತ ಇನ್ನೊಂದು ಕಡೆ ಮಾತು ಕೊಟ್ಟು, ಮಧ್ಯದಲ್ಲಿ ಮಂಟಪಕ್ಕೆ ಬಂದು ನಿಂತಿದ್ದೆವು.

ಕತ್ತಲಾಗುವವರೆಗೂ ಅಲ್ಲೇ ಕಲ್ಲಿನ ಮೇಲೆ ಕೂತು ಮಾತಾಡಿದೆವು. ದೂರದಲ್ಲಿ ಮೀನುಗಾರರ ದೋಣಿಯ ದೀಪಗಳು ಒಂದೊಂದಾಗಿ ಕಾಣಿಸಿಕೊಂಡವು. ಸಂಬಳ ಎಷ್ಟು, ಸಾಲ ಎಷ್ಟು, ತೋಟದಲ್ಲಿ ಖರ್ಚು ಕಳೆದು ಏನು ಉಳಿಯುತ್ತೆ, ಎಲ್ಲ. ನಿಶ್ಚಿತಾರ್ಥದಿಂದ ಮದುವೆಯವರೆಗೆ ನಾಲ್ಕು ತಿಂಗಳು ದಿನಾ ರಾತ್ರಿ ಫೋನಲ್ಲಿ ಮಾತಾಡಿದ್ದೆವು. ಇದೊಂದು ಬಿಟ್ಟು ಎಲ್ಲ ಮಾತಾಡಿದ್ದೆವು.

ಶುಕ್ರವಾರ ಬೆಳಿಗ್ಗೆ ನಾನೇ ಫೋನ್ ಮಾಡಿದೆ. ಅವಳು ಪಕ್ಕದಲ್ಲೇ ಕೂತಿದ್ದಳು. "ಅಪ್ಪ, ಎರಡು ವರ್ಷ ಅಂತ ಹೇಳಿದ್ದೆನಲ್ಲ, ಅದು ನಾನೊಬ್ಬನೇ ಹೇಳಬಾರದಿತ್ತು. ಮೂರು ವರ್ಷ ನಮಗೆ ಬೆಂಗಳೂರು ಬಿಡೋಕಾಗಲ್ಲ. ಆಮೇಲೆ ಇಬ್ಬರೂ ಕೂತು ನೋಡ್ತೀವಿ. ಆದ್ರೆ ಪ್ರತಿ ವರ್ಷ ಕುಯ್ಲಿಗೆ ಒಂದು ವಾರ, ನೀರು ಹಾಯಿಸೋ ಟೈಮಿಗೆ ಎರಡು ವಾರ ನಾನು ಅಲ್ಲಿರ್ತೀನಿ. ಅಲ್ಲಿಂದಲೇ ಆಫೀಸ್ ಕೆಲಸ. ಮತ್ತೆ ಈ ವಾರವೇ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸೋಣ. ಪೈಪ್ ಬದಲಾಯಿಸೋದು ಹಗಲಲ್ಲಿ ಮಾಡಿ, ರಾತ್ರಿ ಮನೆಯಿಂದಲೇ ಆನ್ ಆಫ್ ಮಾಡಿ. ಒಬ್ಬರೇ ಹೋಗಬೇಡಿ."

ತುಂಬಾ ಹೊತ್ತು ಆ ಕಡೆಯಿಂದ ಸದ್ದಿಲ್ಲ. ನಾಯಿ ಬೊಗಳೋದು ಕೇಳಿಸುತ್ತಿತ್ತು.

"ಕೆರೆ ಹತ್ತಿರ ಟವರ್ ಸಿಗಲ್ಲ" ಅಂದರು.

"ಏರಿ ಮೇಲೆ ಎರಡು ಕಡ್ಡಿ ಸಿಗುತ್ತೆ, ನಾನೇ ನೋಡಿದ್ದೀನಿ."

ಮತ್ತೆ ಮೌನ. "ಅವಳಿಗೆ ಫೋನ್ ಕೊಡು."

ನನ್ನ ಎದೆ ಡವಗುಟ್ಟಿತು. ಅವಳು ಸೆರಗೂ ಇಲ್ಲದ ಟೀಶರ್ಟನ್ನೇ ಸರಿಮಾಡಿಕೊಂಡು, "ಹೇಳಿ ಮಾವ" ಅಂದಳು.

"ಅಲ್ಲಿ ಬಿಸಿಲು ಜಾಸ್ತಿ ಇರುತ್ತೆ ಕಣಮ್ಮ. ತಲೆಗೆ ಏನಾದ್ರೂ ಹಾಕ್ಕೊಂಡು ಓಡಾಡು. ನಾಳೆ ಬರುವಾಗ ಆಗುಂಬೆ ಕಡೆಯಿಂದ ಬನ್ನಿ, ನೀನು ಆ ಘಾಟಿ ನೋಡಿಲ್ಲ."

ಅಷ್ಟೇ. ಒಪ್ಪಿದರಾ, ಬೇಜಾರಾಯಿತಾ, ಇವತ್ತಿಗೂ ನನಗೆ ಪೂರ್ತಿ ಗೊತ್ತಿಲ್ಲ. ಮಲೆನಾಡಿನ ಅಪ್ಪಂದಿರು ಅದನ್ನೆಲ್ಲ ಬಾಯಿಬಿಟ್ಟು ಹೇಳಲ್ಲ.

ಶುಕ್ರವಾರ ಮಧ್ಯಾಹ್ನ ಉಯ್ಯಾಲೆಯಲ್ಲಿ ನಾನು ಎರಡೂವರೆ ಗಂಟೆ ನಿದ್ದೆ ಮಾಡಿದೆ. ಗೊರಕೆ ಹೊಡೆದೆ ಅಂತ ಅವಳ ಹತ್ತಿರ ವಿಡಿಯೋ ಸಾಕ್ಷಿ ಇದೆ. ಸಂಜೆ ಎಳನೀರು ಕುಡಿದೆವು, ಸೂರ್ಯ ಮುಳುಗೋದು ನೋಡಿದೆವು. ಒಂದೂ ಫೋಟೋ ತೆಗೆಯಲಿಲ್ಲ.

ಶನಿವಾರ ಹೆಬ್ರಿ, ಆಗುಂಬೆ, ಶೃಂಗೇರಿ, ಬಾಳೆಹೊನ್ನೂರು ದಾರಿಯಲ್ಲಿ ಮನೆ ಸೇರಿದೆವು. ಭಾನುವಾರ ಬೆಳಿಗ್ಗೆ ನಾನು, ಅಪ್ಪ ಕೆರೆ ಏರಿ ಮೇಲೆ ಮೊಬೈಲ್ ಎತ್ತಿ ಹಿಡಿದುಕೊಂಡು ಟವರ್ ಹುಡುಕಿದೆವು. ಎರಡು ಕಡ್ಡಿ ಸಿಕ್ಕಿತು. ಮಧ್ಯಾಹ್ನ ಬೆಂಗಳೂರಿಗೆ ಹೊರಟೆವು. ಆ ವಾರವೇ ಸ್ಟಾರ್ಟರ್ ಬಂತು.

ಮುಂದಿನ ಶನಿವಾರ ಅಪ್ಪ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಕೆಳಗಿನ ತೋಟ ಪೂರ್ತಿ ಬಿಳಿ, ಹಿಮ ಬಿದ್ದ ಹಾಗೆ. ಕಳಿಸಿದ್ದು ನನಗಲ್ಲ, ಅವಳಿಗೆ. ಕೆಳಗೆ ಬರೆದಿದ್ದರು: "ವಾಸನೆ ಇದರಲ್ಲಿ ಬರಲ್ಲ. ಮುಂದಿನ ವರ್ಷ ನೀನೂ ಬಾ."

ಹನಿಮೂನ್ ಪ್ಲಾನ್ ಮಾಡುತ್ತಿರುವವರಿಗೆ ನನ್ನ ಸಲಹೆ ಒಂದೇ. ಮಾಲ್ಡೀವ್ಸೇ ಆಗಲಿ, ಮರವಂತೆಯೇ ಆಗಲಿ, ಶೀಟಿನ ಕೊನೆಯ ಎರಡು ಸಾಲು ಖಾಲಿ ಬಿಡಿ. ಜಗಳ ಆಗಬಹುದು. ಆಗಲಿ ಬಿಡಿ. ವಾಪಸ್ ಬಂದ ಮೇಲೆ ಸೋಮವಾರದ ಸ್ಟ್ಯಾಂಡಪ್ ಮೀಟಿಂಗು, ಟ್ರಾಫಿಕ್ಕು, ಗ್ಯಾಸ್ ಬುಕಿಂಗು ಶುರುವಾದರೆ ಅದಕ್ಕೂ ಟೈಮ್ ಸಿಗಲ್ಲ.