ಮೊದಲ ಸುತ್ತಿನಲ್ಲೇ ಕ್ಯಾಚರ್ ಬೇಕಾ?

ಜಪಾನಿಗೆ ಓದಲು ಬಂದ ನಮ್ಮಲ್ಲಿ ಊರಿನಿಂದಲೇ ಬೇಸ್‌ಬಾಲ್ ಹುಚ್ಚು ಹಿಡಿಸಿಕೊಂಡು ಬಂದವರು ಯಾರೂ ಇಲ್ಲ. ಇಲ್ಲಿಗೆ ಬಂದ ಮೇಲೆ ಅದು ತಾನಾಗೇ ಅಂಟಿಕೊಳ್ಳುತ್ತೆ. ಲ್ಯಾಬಿನ ಸೆನ್‌ಪೈ ಹಾನ್‌ಶಿನ್ ಭಕ್ತ, ಬೈತೊ ಮಾಡುವ ಅಂಗಡಿಯ ಟೀವಿಯಲ್ಲಿ ಸಂಜೆಯೆಲ್ಲ ಅದೇ, ಆಗಸ್ಟ್‌ನಲ್ಲಿ ಕೋಶಿಯೆನ್ ಶಾಲಾ ಪಂದ್ಯಾವಳಿ ಶುರುವಾದರಂತೂ ಊರಿಗೆ ಊರೇ ಟೀವಿ ಮುಂದೆ. ಕ್ರಿಕೆಟ್ ಗೊತ್ತಿದ್ದವರಿಗೆ ಆಟ ತಿಳಿಯಲು ಒಂದು ವಾರ ಸಾಕು. ಅಕ್ಟೋಬರಿನ ಡ್ರಾಫ್ಟ್ ತಿಳಿಯಲು ಇನ್ನೂ ಸ್ವಲ್ಪ ದಿನ ಬೇಕು. ತಿಳಿದ ಮೇಲೆ ಜಗಳ ಶುರು.

ನಮ್ಮ ಕೂಟದಲ್ಲಿ ಪ್ರತಿ ವರ್ಷ ಬಗೆಹರಿಯದೆ ಉಳಿಯುವ ಜಗಳ ಒಂದಿದೆ. ಹೈಸ್ಕೂಲಿನಿಂದ ನೇರವಾಗಿ ಬರುವ ಕ್ಯಾಚರ್‌ನನ್ನು ಮೊದಲ ಸುತ್ತಿನಲ್ಲೇ ಆರಿಸಬೇಕೆ, ಬೇಡವೆ? (ಇಲ್ಲಿನ ಹೈಸ್ಕೂಲು ಅಂದರೆ ನಮ್ಮ ಪಿಯುಸಿವರೆಗೆ. ಹುಡುಗನಿಗೆ ಹದಿನೇಳೋ ಹದಿನೆಂಟೋ.) ಬೇಡ ಅನ್ನೋದು ನಮ್ಮ ಪಕ್ಷ. ಯಾಕೆ ಅಂತ ಹೇಳ್ತೀವಿ.

ಡ್ರಾಫ್ಟ್ ಅನ್ನೋದು ಐಪಿಎಲ್ ಹರಾಜಿನ ಹಾಗಲ್ಲ. ಹರಾಜಿನಲ್ಲಿ ಕೈಯಲ್ಲಿ ದುಡ್ಡಿದ್ದಷ್ಟು ಹೊತ್ತು ಯಾರ ಮೇಲಾದರೂ ಕೂಗಬಹುದು. ಡ್ರಾಫ್ಟ್‌ನಲ್ಲಿ ಸರದಿ. ಜಪಾನಿನಲ್ಲಿ 1965ರಿಂದ ಇದು ನಡೆಯುತ್ತಿದೆ, ಈಗ ಇರುವುದು 12 ತಂಡಗಳು. ಮೊದಲ ಸುತ್ತಿನಲ್ಲಿ ಎಲ್ಲ ತಂಡಗಳೂ ಒಟ್ಟಿಗೆ ಒಂದೊಂದು ಹೆಸರು ಕೊಡುತ್ತವೆ. ಒಬ್ಬನ ಮೇಲೆ ಎರಡು ಮೂರು ತಂಡ ಕಣ್ಣಿಟ್ಟಿದ್ದರೆ ಪೆಟ್ಟಿಗೆಯಿಂದ ಚೀಟಿ ಎತ್ತುತ್ತಾರೆ. ಸೋತವರು ಬೇರೆ ಹೆಸರು ಕೊಡಬೇಕು. ಎರಡನೇ ಸುತ್ತಿನಿಂದ ಹಿಂದುಳಿದ ತಂಡಕ್ಕೆ ಮೊದಲ ಅವಕಾಶ, ಮೂರನೇ ಸುತ್ತಿನಲ್ಲಿ ಅದು ತಿರುಗುಮುರುಗು. ಅಂದರೆ ಮೊದಲ ಆಯ್ಕೆ ಅನ್ನೋದು ಒಂದು ತಂಡಕ್ಕೆ ವರ್ಷಕ್ಕೆ ಒಂದೇ. ಅದನ್ನು ಒಬ್ಬನಿಗೆ ಕೊಟ್ಟರೆ ಇನ್ನೊಬ್ಬನನ್ನು ಕೈಬಿಟ್ಟ ಹಾಗೆಯೇ.

ಈಗ ಕ್ಯಾಚರ್ ವಿಷಯ. ವಿಕೆಟ್ ಕೀಪರ್ ಇದ್ದ ಹಾಗೆ ಅಂತ ಊರಿಗೆ ಫೋನ್ ಮಾಡಿದಾಗ ಅಪ್ಪಂದಿರಿಗೆ ಹೇಳ್ತೀವಿ, ಕಿರ್ಮಾನಿಯನ್ನು ನೋಡಿ ಬೆಳೆದವರಿಗೆ ತಕ್ಷಣ ಅರ್ಥವಾಗುತ್ತೆ. ಆದರೆ ಅದು ಅರ್ಧ ಸತ್ಯ. ಕೀಪರ್ ಪ್ರತಿ ಚೆಂಡೂ ಹೇಗೆ ಬೀಳಬೇಕು ಅಂತ ಬೌಲರ್‌ಗೆ ಹೇಳಲ್ಲ. ಕ್ಯಾಚರ್ ಹೇಳ್ತಾನೆ. ಒಂದು ಪಂದ್ಯಕ್ಕೆ ನೂರಕ್ಕೂ ಹೆಚ್ಚು ಸಲ, ಯಾವ ಎಸೆತ, ಯಾವ ಮೂಲೆಗೆ ಅಂತ ಸನ್ನೆ ಮಾಡ್ತಾನೆ. ಅದೂ ತನಗಿಂತ ಹತ್ತು ವರ್ಷ ದೊಡ್ಡವರಾದ ಪಿಚರ್‌ಗಳಿಗೆ. ಸೆನ್‌ಪೈಗೆ ಇಮೇಲ್ ಬರೆಯೋಕೆ ಅರ್ಧ ಗಂಟೆ ತಿಣುಕುವ ನಮಗೆ ಇದರ ಕಷ್ಟ ಬೇರೆ ಹೇಳಬೇಕಾಗಿಲ್ಲ. ಮೈದಾನದ ಒಂಬತ್ತು ಜನರಲ್ಲಿ ಉಳಿದ ಎಂಟು ಜನರ ಮುಖ ನೋಡುತ್ತಾ ಕೂರುವವನು ಅವನೊಬ್ಬನೇ. ಜಪಾನಿಯರು ಅವನನ್ನು ಬೀಸಣಿಗೆಯ ಮೊಳೆ ಅಂತಾರೆ, ಕಡ್ಡಿಗಳನ್ನೆಲ್ಲ ಒಂದು ಕಡೆ ಹಿಡಿದಿಡುವ ಆ ಚಿಕ್ಕ ಮೊಳೆ. ಪಿಚರ್‌ಗೆ ಅವನು ಹೆಂಡತಿಯ ಪಾತ್ರ ಅಂತಲೂ ಹೇಳ್ತಾರೆ. ಈ ಮಾತಿನ ಬಗ್ಗೆ ನಮ್ಮ ಸಂಘದ ಹುಡುಗಿಯರ ಅಭಿಪ್ರಾಯವನ್ನು ಇಲ್ಲಿ ಅಚ್ಚು ಹಾಕುವ ಹಾಗಿಲ್ಲ.

ಹದಿನೆಂಟರ ಹುಡುಗನಲ್ಲಿ ಈ ಕೆಲಸದ ಯಾವ ಭಾಗ ಕಣ್ಣಿಗೆ ಕಾಣುತ್ತೆ? ಭುಜದ ಬಲ ಕಾಣುತ್ತೆ. ಎರಡನೇ ಬೇಸ್‌ಗೆ ಅವನ ಎಸೆತ ಎರಡು ಸೆಕೆಂಡಿನೊಳಗೆ ಮುಟ್ಟುತ್ತಾ ಅಂತ ಗಡಿಯಾರ ಹಿಡಿದು ನೋಡಬಹುದು. ಬ್ಯಾಟಿಂಗ್ ಕಾಣುತ್ತೆ, ಆದರೆ ಅದು ಕೂಡ ಲೋಹದ ಬ್ಯಾಟಿನಲ್ಲಿ, ವೃತ್ತಿ ಆಟದಲ್ಲಿ ಮರದ್ದು ಮಾತ್ರ. ಉಳಿದ ಮುಕ್ಕಾಲು ಪಾಲು, ಅಂದರೆ ಪಿಚರ್‌ನ ಮನಸ್ಸು ಓದೋದು, ಬ್ಯಾಟರ್‌ನ ಕಾಲು ನೋಡಿ ಅವನ ಲೆಕ್ಕ ತಿಳಿಯೋದು, ಆರು ರನ್ ಹೋದ ಮೇಲೂ ಪಿಚರ್ ಹತ್ತಿರ ಹೋಗಿ ಸಮಾಧಾನವಾಗಿ ಮಾತಾಡೋದು, ಇವೆಲ್ಲ ಆಮೇಲೆ ಬರುವಂಥವು. ಬರದೆಯೂ ಇರಬಹುದು. ಮೊದಲ ಸುತ್ತಿನ ಬೆಲೆ ಕೊಟ್ಟು ಕೊಳ್ಳುವುದು ಕಾಲು ಪಾಲನ್ನು ನೋಡಿ.

2010ರ ಡ್ರಾಫ್ಟ್ ನೋಡಿ. ಫುಕುಓಕದ ಸಾಫ್ಟ್‌ಬ್ಯಾಂಕ್ ತಂಡ ಮೊದಲು ವಾಸೆದಾ ವಿಶ್ವವಿದ್ಯಾಲಯದ ಪಿಚರ್ ಸೈತೊ ಯೂಕಿ ಹೆಸರು ಕೊಟ್ಟಿತು. ಇನ್ನೂ ಮೂರು ತಂಡಗಳು ಅದೇ ಹೆಸರು ಕೊಟ್ಟಿದ್ದವು. ಚೀಟಿಯಲ್ಲಿ ಸೋತ ಮೇಲೆ ಅವರು ಆರಿಸಿದ್ದು ಚಿಬಾದ ನರಶಿನೊ ಹೈಸ್ಕೂಲಿನ ಕ್ಯಾಚರ್ ಯಮಶಿತಾ ಅಯತ್ಸುಗು ಅವರನ್ನು. ಎರಡನೇ ಸುತ್ತಿನಲ್ಲಿ ಔಟ್‌ಫೀಲ್ಡರ್ ಯಾನಗಿತಾ ಯೂಕಿ. ಮುಖ್ಯ ಡ್ರಾಫ್ಟ್ ಮುಗಿದ ಮೇಲೆ ಇಕುಸೆಇ ಅಂತ ಇನ್ನೊಂದು ಆಯ್ಕೆ ನಡೆಯುತ್ತೆ, 2005ರಲ್ಲಿ ಶುರುವಾದದ್ದು. ಇಕುಸೆಇ ಅಂದರೆ ಬೆಳೆಸೋದು. ಹೀಗೆ ಬಂದವರ ಬೆನ್ನ ಮೇಲೆ ಮೂರಂಕಿಯ ಸಂಖ್ಯೆ, ಮುಖ್ಯ ತಂಡದ ಅಧಿಕೃತ ಪಂದ್ಯ ಆಡುವ ಹಾಗಿಲ್ಲ. ಅಲ್ಲಿ ಆರನೇ ಸುತ್ತಿನಲ್ಲಿ, ಹೆಚ್ಚುಕಡಿಮೆ ಎಲ್ಲರೂ ಎದ್ದು ಹೊರಡುವ ಹೊತ್ತಿಗೆ, ಸಾಫ್ಟ್‌ಬ್ಯಾಂಕ್ ಇನ್ನೊಬ್ಬ ಹೈಸ್ಕೂಲ್ ಕ್ಯಾಚರ್‌ನ ಹೆಸರು ಹೇಳಿತು: ಓಇತಾದ ಕೈ ತಾಕುಯಾ.

ಅವರ ಮನೆತನದ ಹೆಸರೇ ಕೈ. ಕನ್ನಡದವರಾದ ನಮಗೆ ಇದಕ್ಕಿಂತ ಇನ್ನೇನು ಬೇಕು! ಬೇಸ್ ಕದಿಯಲು ಓಡುವವರನ್ನು ಹೊಡೆದುರುಳಿಸುವ ಅವರ ಎಸೆತಕ್ಕೆ ಜಪಾನಿನಲ್ಲಿ 'ಕೈ ಕ್ಯಾನನ್' ಅಂತ ಹೆಸರು. ಮುಖ್ಯ ತಂಡದಲ್ಲಿ ಕಾಣಿಸಿಕೊಳ್ಳಲು ಅವರಿಗೆ 2014 ಆಗಬೇಕಾಯಿತು, ಕಾಯಂ ಆಗಲು 2017. ಆ ವರ್ಷ ಗೋಲ್ಡನ್ ಗ್ಲೌ ಬಂತು. 2018ರ ಜಪಾನ್ ಸೀರೀಸ್‌ನಲ್ಲಿ ಹಿರೋಶಿಮಾದವರು ಆರು ಸಲ ಬೇಸ್ ಕದಿಯಲು ಹೋದರು, ಆರು ಸಲವೂ ಔಟ್, ಸರಣಿಯ ಶ್ರೇಷ್ಠ ಆಟಗಾರ ಕೈ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಕ್ಯಾಚರ್ ಕೂಡ ಅವರೇ. ಮೊದಲ ಸುತ್ತಿನ ಯಮಶಿತಾ ಅವರನ್ನು 2017ರ ಕೊನೆಗೆ ರಾಕುತೆನ್‌ಗೆ ಬದಲಿ ಕೊಟ್ಟು ಕಳಿಸಿದರು. ಇದನ್ನು ಯಮಶಿತಾ ಅವರ ಸೋಲು ಅಂತ ನಾವು ಬರೀತಿಲ್ಲ. ಒಂದೇ ದಿನ, ಒಂದೇ ತಂಡ, ಒಂದೇ ವಯಸ್ಸಿನ ಇಬ್ಬರು ಕ್ಯಾಚರ್‌ಗಳನ್ನು ನೋಡಿ, ಅದೇ ಕೆಲಸ ಬಲ್ಲವರು ಒಬ್ಬನನ್ನು ಮೊದಲಿಗೆ, ಇನ್ನೊಬ್ಬನನ್ನು ಕೊನೆಗೆ ಇಟ್ಟರು ಅನ್ನೋದಷ್ಟೇ ನಮ್ಮ ಮಾತು. ಅವರಿಗೂ ಕಾಣಲಿಲ್ಲ.

ಇನ್ನೊಂದು ಕಥೆ ನಮ್ಮನ್ನು ಹೆಚ್ಚು ಕಾಡುತ್ತೆ. 2021ರಲ್ಲಿ ಚಿಬಾ ಲೊತ್ತೆ ತಂಡ ವಕಾಯಾಮದ ಹೈಸ್ಕೂಲ್ ಕ್ಯಾಚರ್ ಮತ್ಸುಕಾವಾ ಕೋ ಅವರನ್ನು ಮೊದಲ ಸುತ್ತಿನಲ್ಲಿ ಆರಿಸಿತು. ಮರುವರ್ಷದ ಮೊದಲ ಪಂದ್ಯದಿಂದಲೇ ಹುಡುಗ ಮುಖ್ಯ ತಂಡದಲ್ಲಿ. 2022ರ ಏಪ್ರಿಲ್ 10ರಂದು ಸಾಸಾಕಿ ರೋಕಿ ಒರಿಕ್ಸ್ ವಿರುದ್ಧ ಪರ್ಫೆಕ್ಟ್ ಗೇಮ್ ಎಸೆದರು: 27 ಬ್ಯಾಟರ್‌ಗಳಲ್ಲಿ ಒಬ್ಬನೂ ಬೇಸ್ ಮುಟ್ಟಲಿಲ್ಲ, 19 ಸ್ಟ್ರೈಕ್‌ಔಟ್, ಅದರಲ್ಲಿ 13 ಸಾಲಾಗಿ. ಜಪಾನಿನಲ್ಲಿ 28 ವರ್ಷಗಳ ಮೇಲೆ ಮೊದಲ ಸಲ. ಅಷ್ಟೂ ಚೆಂಡಿಗೆ ಸನ್ನೆ ಮಾಡಿ ಹಿಡಿದವನಿಗೆ 18 ವರ್ಷ. ನೋಡಿ, ಮೊದಲ ಸುತ್ತಿನ ಕ್ಯಾಚರ್ ಅಂದ್ರೆ ಇದು ಅಂತ ಎದುರು ಪಕ್ಷದವರು ಆಗ ಕುಣಿದಾಡಿದರು. ಆ ವರ್ಷದ ಅವರ ಬ್ಯಾಟಿಂಗ್ ಸರಾಸರಿ .173. ಮರುವರ್ಷ ಹೆಚ್ಚು ಕಾಲ ಎರಡನೇ ತಂಡದಲ್ಲೇ ಕಳೆದರು. ಪಿಚರ್ ಆಗಿದ್ದರೆ ಎರಡು ವರ್ಷ ಮೆಲ್ಲಗೆ ಬೆಳೆಯಲಿ ಅಂತ ಯಾವ ಗಲಾಟೆಯೂ ಇಲ್ಲದೆ ಬಿಡುತ್ತಿದ್ದರೇನೋ.

ಎದುರು ಪಕ್ಷಕ್ಕೂ ಹೆಸರುಗಳಿವೆ, ಮುಚ್ಚಿಡಲ್ಲ. 1988ರ ಮೊದಲ ಸುತ್ತಿನ ತಾನಿಶಿಗೆ ಮೊತೊನೊಬು 3021 ಪಂದ್ಯ ಆಡಿ ದಾಖಲೆ ಮಾಡಿದರು. 1994ರ ಜೋಜಿಮಾ ಕೆಂಜಿ ಮುಂದೆ ಸಿಯಾಟಲ್‌ಗೆ ಹೋಗಿ ಮೇಜರ್ ಲೀಗಿನ ಮೊದಲ ಜಪಾನಿ ಕ್ಯಾಚರ್ ಆದರು. 2013ರ ಮೋರಿ ತೊಮೊಯಾ 2019ರಲ್ಲಿ .329 ಹೊಡೆದು ಲೀಗಿನ ಶ್ರೇಷ್ಠ ಆಟಗಾರ. ಆದರೆ ಮೋರಿ ಕಥೆಯನ್ನು ಪೂರ್ತಿ ಹೇಳಿ. ಅವರ ಬ್ಯಾಟು ಎಷ್ಟು ಗಟ್ಟಿಯೆಂದರೆ ಸೆಇಬು ತಂಡ ಮೊದಲ ವರ್ಷಗಳಲ್ಲಿ ಅವರನ್ನು ಬ್ಯಾಟಿಂಗಿಗೆ ಅಂತಲೇ ಇಳಿಸಿತು, ಕ್ಯಾಚರ್ ಕೆಲಸಕ್ಕೆ ಆಮೇಲೆ. ಬ್ಯಾಟು ಅನ್ನ ದುಡಿಯುತ್ತಿತ್ತು, ಕೈಗವಸು ಪಾಠ ಕಲಿಯುತ್ತಿತ್ತು. ಅಂಥ ಬ್ಯಾಟು ಇದ್ದರೆ ತಗೊಳ್ಳಿ, ನಮ್ಮ ಅಡ್ಡಿಯಿಲ್ಲ. ಆದರೆ ಅದನ್ನೂ ನಂಬೋದು ಕಷ್ಟ. 2017ರ ಬೇಸಿಗೆ ಕೋಶಿಯೆನ್‌ನಲ್ಲಿ ನಕಾಮುರಾ ಶೋಸೆಇ ಆರು ಹೋಮ್ ರನ್ ಹೊಡೆದು ಕಿಯೊಹರಾ ಅವರ 1985ರ ದಾಖಲೆ ಮುರಿದರು. ಹಿರೋಶಿಮಾ ಚೀಟಿ ಗೆದ್ದು ಕ್ಯಾಚರ್ ಅಂತ ಕರೆತಂದಿತು. ಈಗ ಅವರು ಆಡೋದು ಔಟ್‌ಫೀಲ್ಡಿನಲ್ಲಿ.

ಆರ್‌ಸಿಬಿ ಜಿತೇಶ್ ಶರ್ಮಾಗೆ 11 ಕೋಟಿ, ಫಿಲ್ ಸಾಲ್ಟ್‌ಗೆ 11.50 ಕೋಟಿ, ಅಂದರೆ ಇಬ್ಬರು ಕೀಪರ್‌ಗಳ ಮೇಲೆ 22.50 ಕೋಟಿ ಸುರಿದು 2025ರಲ್ಲಿ ಕಪ್ ಗೆಲ್ಲಲಿಲ್ವಾ ಅಂತ ಒಬ್ಬರು ಕೇಳಿದರು. ಈ ಸಲ ಕಪ್ ನಮ್ದಾದ ಮೇಲೆ ಈ ವಾದಕ್ಕೆ ಎದುರಾಡೋದು ಕಷ್ಟ, ಆದ್ರೂ ಹೇಳ್ತೀವಿ: ಅವರಿಬ್ಬರೂ ಬೆಳೆದು ನಿಂತ ಆಟಗಾರರು. ಕೆಲಸ ನೋಡಿ ಕೊಂಡದ್ದು, ಜಾತಕ ನೋಡಿ ಅಲ್ಲ.

ಅಮೆರಿಕನ್ ಫುಟ್‌ಬಾಲಿನಲ್ಲಿ ಇದೇ ಜಗಳ ಟೈಟ್ ಎಂಡ್ ಅನ್ನುವ ಜಾಗದ ಬಗ್ಗೆ ಇದೆ. ಅವನಿಗೂ ಎರಡು ಕೆಲಸ: ದಾಂಡಿಗರ ಜತೆ ನಿಂತು ಎದುರಾಳಿಯನ್ನು ತಡೆಯಬೇಕು, ಓಡಿ ಹೋಗಿ ಚೆಂಡನ್ನೂ ಹಿಡಿಯಬೇಕು. ಗ್ರಾಂಕೌಸ್ಕಿ 2010ರಲ್ಲಿ 42ನೆಯವರಾಗಿ ಬಂದರು, ಕೆಲ್ಸಿ 2013ರಲ್ಲಿ 63ನೆಯವರಾಗಿ, ಕಿಟಲ್ 2017ರಲ್ಲಿ 146ನೆಯವರಾಗಿ. 2021ರಲ್ಲಿ ಅಟ್ಲಾಂಟಾ ನಾಲ್ಕನೇ ಆಯ್ಕೆಯಲ್ಲೇ ಕೈಲ್ ಪಿಟ್ಸ್ ಅವರನ್ನು ಎತ್ತಿಕೊಂಡಿತು. ಮೊದಲ ವರ್ಷ ಸಾವಿರ ಗಜ ದಾಟಿದರು, ಮುಂದಿನ ವರ್ಷಗಳಲ್ಲಿ ಆ ಹೊಳಪು ಕಾಣಲಿಲ್ಲ. ಅವರ ಮರುಕ್ಷಣವೇ ಐದನೆಯವರಾಗಿ ಹೋದವರು ಜಮಾರ್ ಚೇಸ್. 2024ರಲ್ಲಿ 13ನೆಯವರಾಗಿ ಬಂದ ಬ್ರಾಕ್ ಬವರ್ಸ್ ಮೊದಲ ವರ್ಷವೇ 112 ಚೆಂಡು ಹಿಡಿದು ನಮ್ಮ ವಾದವನ್ನು ಸ್ವಲ್ಪ ಅಲುಗಾಡಿಸಿದ್ದಾರೆ. ಆದರೆ ಅವರು ಬಂದದ್ದು ಕಾಲೇಜಿನಲ್ಲಿ ಮೂರು ವರ್ಷ ಆಡಿ.

ನಮ್ಮ ಕಾಳಜಿ ತಂಡಗಳ ಲೆಕ್ಕಾಚಾರದ್ದು ಮಾತ್ರ ಅಲ್ಲ. ಮೊದಲ ಸುತ್ತಿನವನಿಗೆ ಇಲ್ಲಿ 'ದೊರಾ-ಇಚಿ' ಅನ್ನೋ ಹಣೆಪಟ್ಟಿ. ನಿವೃತ್ತಿಯ ಸುದ್ದಿಯಲ್ಲೂ ಅದು ಬಿಡಲ್ಲ. ಸಿಇಟಿ ರ‍್ಯಾಂಕು ಮದುವೆ ಮನೆಯಲ್ಲೂ ಬೆನ್ನು ಬಿಡದ ಊರಿಂದ ಬಂದವರು ನಾವು, ಇದು ಗೊತ್ತು. ಹದಿನೆಂಟಕ್ಕೆ ವಿಶ್ವವಿದ್ಯಾಲಯ ಬಿಟ್ಟು ಹೋಗುವ ಹುಡುಗನಿಗೆ ಕಾಯಲು ಸಮಯ ಬೇಕು. ಆ ಹಣೆಪಟ್ಟಿ ಕಿತ್ತುಕೊಳ್ಳೋದು ಅದನ್ನೇ. ತಂಡದಲ್ಲಿ ಹನ್ನೆರಡು ಪಿಚರ್‌ಗಳಿಗೆ ಜಾಗ ಇರುತ್ತೆ, ಕ್ಯಾಚರ್‌ಗೆ ಎರಡೋ ಮೂರೋ.

ಫುರುತಾ ಅತ್ಸುಯಾ ಅವರನ್ನೇ ನೋಡಿ. ಕ್ಯೋತೊದ ರಿತ್ಸುಮೆಇಕಾನ್‌ನಲ್ಲಿ ಓದು, 1987ರ ಡ್ರಾಫ್ಟ್‌ನಲ್ಲಿ ಯಾರೂ ಹೆಸರು ಕರೆಯಲಿಲ್ಲ, ಕನ್ನಡಕದ ಕ್ಯಾಚರ್ ಅನ್ನೋದೇ ಅಡ್ಡ ಬಂತು ಅಂತಾರೆ. ತೊಯೊತಾ ಕಂಪನಿಯ ತಂಡದಲ್ಲಿ ಎರಡು ವರ್ಷ ಆಡಿ, 1989ರಲ್ಲಿ ಯಾಕುಲ್ತ್‌ಗೆ ಎರಡನೇ ಸುತ್ತಿನಲ್ಲಿ, 24ನೇ ವಯಸ್ಸಿಗೆ. ಎರಡನೇ ವರ್ಷವೇ ಬ್ಯಾಟಿಂಗ್ ಪ್ರಶಸ್ತಿ, ಆಮೇಲೆ ನಾಲ್ಕು ಜಪಾನ್ ಸೀರೀಸ್. ಕ್ಯಾಚರ್ ಬೇಕಿದ್ದರೆ ಹೀಗೆ ಹುಡುಕಿ, ಎರಡನೇ ಮೂರನೇ ಸುತ್ತಿನಲ್ಲಿ, ಕೆಲಸ ಕಲಿತು ಬಂದವರನ್ನು. ಹೈಸ್ಕೂಲ್ ಹುಡುಗನೇ ಬೇಕಾದರೆ ಸದ್ದಿಲ್ಲದೆ ತನ್ನಿ.

2024ರ ಕೊನೆಗೆ ಕೈ ತಾಕುಯಾ ಸಾಫ್ಟ್‌ಬ್ಯಾಂಕ್ ಬಿಟ್ಟು ಯೊಮಿಉರಿ ಜಾಯಂಟ್ಸ್‌ಗೆ ಹೋದರು. ಅವರನ್ನು ಅಲ್ಲಿ ಬರಮಾಡಿಕೊಂಡ ಕಾನ್‌ತೊಕು ಅಬೆ ಶಿನ್ನೊಸುಕೆ, ತಾವೂ ಕ್ಯಾಚರ್ ಆಗಿದ್ದವರು, 2000ದ ಡ್ರಾಫ್ಟ್‌ನಲ್ಲಿ ಜಾಯಂಟ್ಸ್‌ನ ಮೊದಲ ಆಯ್ಕೆ. ನೋಡಿದ್ರಾ, ಮೊದಲ ಆಯ್ಕೆ ಅಂತ ಎದುರು ಪಕ್ಷದವರು ಬೆರಳು ತೋರಿಸ್ತಾರೆ. ಚುಓ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಆಡಿ ಬಂದವರು ಅಂತ ನಾವು ಹೇಳ್ತೀವಿ. ಮುಂದಿನ ಅಕ್ಟೋಬರಿಗೆ ಇದಕ್ಕೆ ಉತ್ತರ ತರ್ತೀವಿ ಅಂದಿದ್ದಾರೆ. ತರಲಿ, ಕಾಫಿ ನಮ್ಮ ಕಡೆಯಿಂದ.